ಫಲಕಗಳು ಸರಿಯುವುದನ್ನು ಕಂಡವರು ಯಾರು?

ಹಿಂದಿನ ಸಂಚಿಕೆಯಲ್ಲಿ ಭೂಕಂಪದ ಬಗ್ಗೆ ಕೇಳಿದ ಓದುಗರೊಬ್ಬರಿಗೆ "ಒಂದು ಭೂಫಲಕದ ಅಡಿಗೆ ಇನ್ನೊಂದು ನುಗ್ಗುವುದರಿಂದ ಹೀಗಾಗುತ್ತದೆ" ಅಂತ ಒಂದೇ ಸಾಲಿನ ಉತ್ತರ ಕೊಟ್ಟಿದ್ದೆ. ಭೂಫಲಕ ಅಂದರೆ ಭೂಮಿಯ ಗಟ್ಟಿ ಹೊರಭಾಗದ ದೊಡ್ಡ ತುಂಡು. ಈ ಬಾರಿ ಬಂದ ಪತ್ರಗಳಲ್ಲಿ ಆ ಸಾಲಿನ ಮೇಲಿನವೇ ಜಾಸ್ತಿ. ಬಹುತೇಕ ಎಲ್ಲವೂ ಸಂಶಯದ ಪತ್ರಗಳು. ಓದಿ ಖುಷಿಯಾಯಿತು. ಭೂವಿಜ್ಞಾನ ಪಾಠ ಮಾಡಿದ ಅಷ್ಟೂ ವರ್ಷ ನಾನು ತರಗತಿಯಲ್ಲಿ ಬಯಸಿದ್ದು ಇಂಥ ಪ್ರಶ್ನೆಗಳನ್ನೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅವುಗಳಿಗೆ.

ಪ್ರಶ್ನೆ: ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಮನುಷ್ಯ ಕೊರೆದ ಅತಿ ಆಳದ ಗುಂಡಿ 12 ಕಿಲೋಮೀಟರ್ ಅಷ್ಟೇ. ಫಲಕಗಳು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ ಅನ್ನುತ್ತೀರಿ. ಅವು ಸರಿಯುವುದನ್ನಾಗಲಿ, ಮುಳುಗುವುದನ್ನಾಗಲಿ ಯಾರೂ ಕಂಡಿಲ್ಲ. ಹಿಂದೆ ಖಂಡಗಳು ಅಲುಗುವುದೇ ಇಲ್ಲ ಅಂತ ಇಷ್ಟೇ ಖಚಿತವಾಗಿ ಹೇಳುತ್ತಿದ್ದರು. ಈಗಿನದನ್ನು ಮಾತ್ರ ಯಾಕೆ ನಂಬಬೇಕು ಮೇಡಂ?

ಉತ್ತರ: ಸುಮ್ನೆ ನಂಬಬೇಡಿ ಸರ್. ಅಳತೆ ಏನಿದೆ ಅಂತ ಕೇಳಿ. ನೀವು ಎಂಜಿನಿಯರ್, ಆ ದಾರಿ ನಿಮಗೆ ಗೊತ್ತೇ ಇದೆ.

ಗುಂಡಿಯ ಮಾತು ನಿಜ. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಕೊರೆಯಲು ಶುರು ಮಾಡಿದರು. 1989ರಲ್ಲಿ 12,262 ಮೀಟರ್ ಮುಟ್ಟಿದರು. ಅಲ್ಲಿನ ಭೂಚಿಪ್ಪಿನ, ಅಂದರೆ ಭೂಮಿಯ ಅತಿ ಮೇಲಿನ ಕಲ್ಲಿನ ಪದರದ, ಮೂರನೇ ಒಂದು ಭಾಗದಷ್ಟು ಇಳಿಯುವ ಹೊತ್ತಿಗೆ ಶಾಖ 180 ಡಿಗ್ರಿ ಆಯಿತು. ಕೊರೆಯುವುದು ಕಷ್ಟವಾಯಿತು. ಆದರೆ ಫಲಕಗಳು ಸರಿಯುತ್ತವೆಯೇ ಅಂತ ತಿಳಿಯಲು ಕೊರೆಯಲೇಬೇಕು ಅಂತೇನಿಲ್ಲ. ಮೇಲಿನಿಂದಲೇ ಅಳೆಯಬಹುದು.

ಮೊದಲು ಹಳೆಯ ಕತೆ. ನಾನು ಓದುವಾಗಲೂ ಖಂಡಗಳು ಇದ್ದಲ್ಲೇ ಇದ್ದವು. ಪರ್ವತಗಳು ಹೇಗೆ ಹುಟ್ಟಿದವು ಅಂದರೆ ನಮ್ಮ ಮೇಷ್ಟ್ರು ಜಿಯೋಸಿಂಕ್ಲೈನ್ ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಉದ್ದನೆಯ ತಗ್ಗಿನಲ್ಲಿ ಹೂಳು ತುಂಬಿ, ಅದು ಕುಸಿದು, ಮಡಿಕೆ ಬಿದ್ದು ಬೆಟ್ಟವಾಗುತ್ತದೆ ಅನ್ನುವ ವಿವರಣೆ ಅದು. ಕುಸಿದದ್ದು ಯಾಕೆ, ಮಡಿಕೆ ಬಿದ್ದದ್ದು ಯಾಕೆ ಅನ್ನುವುದಕ್ಕೆ ಅದರಲ್ಲಿ ಸರಿಯಾದ ಉತ್ತರ ಇರಲಿಲ್ಲ. ಆಲ್ಫ್ರೆಡ್ ವೆಗೆನರ್ ಖಂಡಗಳು ಸರಿಯುತ್ತವೆ ಅಂತ 1912ರಲ್ಲಿ ಹೇಳಿದರು, 1915ರಲ್ಲಿ ಪುಸ್ತಕ ಬರೆದರು. ಅವರನ್ನು ಒಪ್ಪದವರನ್ನು ಮೂಢರು ಅಂತ ಚಿತ್ರಿಸುವುದು ನನಗೆ ಇಷ್ಟವಿಲ್ಲ. ಖಂಡಗಳನ್ನು ನೂಕುವುದು ಭೂಮಿಯ ತಿರುಗುವಿಕೆ ಮತ್ತು ಉಬ್ಬರವಿಳಿತದ ಬಲ ಅಂತ ವೆಗೆನರ್ ಹೇಳಿದ್ದರು. ಬ್ರಿಟನ್ನಿನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿದರು. ಉಬ್ಬರದ ಬಲಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ಭೂಮಿಯ ತಿರುಗುವಿಕೆಯೇ ಒಂದು ವರ್ಷದೊಳಗೆ ನಿಂತುಹೋಗುತ್ತಿತ್ತು. ಆ ಆಕ್ಷೇಪ ಸರಿಯಾಗಿಯೇ ಇತ್ತು. ಖಂಡಗಳು ಸರಿದಿವೆ ಅನ್ನುವುದಕ್ಕೆ ವೆಗೆನರ್ ಹತ್ತಿರ ಒಳ್ಳೆಯ ಪುರಾವೆ ಇತ್ತು, ನೂಕುವ ಬಲ ಇರಲಿಲ್ಲ.

ಪರಿಸ್ಥಿತಿ ಬದಲಾದದ್ದು ಸಮುದ್ರದ ತಳದಿಂದ. 1950ರ ದಶಕದಲ್ಲಿ ಮೇರಿ ಥಾರ್ಪ್ ಎಂಬಾಕೆ ಹಡಗುಗಳು ತಂದ ಆಳದ ಅಳತೆಗಳನ್ನು ಕೂತು ನಕ್ಷೆ ಮಾಡುತ್ತಿದ್ದರು. ಹೆಂಗಸರನ್ನು ಆಗ ಆ ಹಡಗುಗಳಿಗೆ ಹತ್ತಿಸುತ್ತಿರಲಿಲ್ಲ. ಅಟ್ಲಾಂಟಿಕ್ ನಡುವಿನ ಬೆಟ್ಟಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಸೀಳು ಕಣಿವೆ ಇರುವುದನ್ನು ಆಕೆ ಗುರುತಿಸಿದರು. ಜೊತೆಯಲ್ಲಿದ್ದ ಬ್ರೂಸ್ ಹೀಜನ್ ಮೊದಲು ಅದನ್ನು ಹುಡುಗಿಯರ ಮಾತು ಅಂತ ತಳ್ಳಿಹಾಕಿದರು. ಅಟ್ಲಾಂಟಿಕ್ ಭೂಕಂಪಗಳ ನಕ್ಷೆಯನ್ನು ಅದರ ಪಕ್ಕ ಇಟ್ಟಾಗ ಕಂಪನಗಳೆಲ್ಲ ಅದೇ ಸೀಳಿನ ಮೇಲೆ ಸಾಲಾಗಿ ಕೂತವು. 1962ರಲ್ಲಿ ಹ್ಯಾರಿ ಹೆಸ್ ಆ ಸೀಳಿನಲ್ಲಿ ಹೊಸ ನೆಲ ಹುಟ್ಟಿ ಎರಡೂ ಕಡೆಗೆ ಹರಡುತ್ತದೆ ಅಂತ ಬರೆದರು. ಪುರಾವೆ ಸಾಲದು ಅಂತ ಅವರಿಗೇ ಗೊತ್ತಿತ್ತು. ತನ್ನ ಲೇಖನವನ್ನು ತಾನೇ ಒಂದು ಬಗೆಯ ಭೂಕಾವ್ಯ ಅಂದರು.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಪರೀಕ್ಷೆ. ಒಂದು ಹಾಳೆ ತೆಗೆದುಕೊಳ್ಳಿ. ನಡುಸಾಗರದ ಬೆಟ್ಟಸಾಲು ನೇರವಾಗಿಲ್ಲ, ಅಲ್ಲಲ್ಲಿ ತುಂಡಾಗಿದೆ. ಹಾಳೆಯ ಮೇಲ್ಭಾಗದಲ್ಲಿ ಎಡಕ್ಕೊಂದು ನೆಟ್ಟಗಿನ ಗೆರೆ ಎಳೆಯಿರಿ, ಕೆಳಭಾಗದಲ್ಲಿ ಬಲಕ್ಕೊಂದು. ಎರಡನ್ನೂ ಸೇರಿಸಿ ಒಂದು ಅಡ್ಡಗೆರೆ. ಅದು ಬಿರುಕು. ನೋಡಿದವರಿಗೆ ಏನನ್ನಿಸುತ್ತದೆ? ಮೊದಲು ಸಾಲು ಒಂದೇ ಇತ್ತು, ಬಿರುಕಿನ ಮೇಲಿನ ನೆಲ ಎಡಕ್ಕೆ ಜಾರಿತು, ಅಲ್ವಾ? 1965ರಲ್ಲಿ ಕೆನಡಾದ ಟುಜೋ ವಿಲ್ಸನ್ ಹಾಗಲ್ಲ ಅಂದರು. ಎರಡೂ ತುಂಡುಗಳಿಂದ ಹೊಸ ನೆಲ ಎಡಕ್ಕೂ ಬಲಕ್ಕೂ ಹರಡುತ್ತಿದೆ ಅಂದುಕೊಳ್ಳಿ. ಬಾಣದ ಗುರುತು ಹಾಕಿ ನೋಡಿ. ಎರಡು ತುಂಡುಗಳ ನಡುವಿನ ಜಾಗದಲ್ಲಿ ಬಿರುಕಿನ ಮೇಲಿನ ನೆಲ ಬಲಕ್ಕೆ ಹೋಗುತ್ತದೆ, ಕೆಳಗಿನದು ಎಡಕ್ಕೆ. ಕಣ್ಣಿಗೆ ತೋಚಿದ್ದಕ್ಕೆ ಪೂರ್ತಿ ವಿರುದ್ಧ. ಇನ್ನೊಂದು ವಿಷಯ. ಆ ಎರಡು ತುದಿಗಳಿಂದ ಆಚೆಗೆ ಬಿರುಕಿನ ಎರಡೂ ಬದಿ ಒಂದೇ ದಿಕ್ಕಿಗೆ ಹೋಗುವುದರಿಂದ ಅಲ್ಲಿ ಭೂಕಂಪ ಆಗಬಾರದು. 1967ರಲ್ಲಿ ಲಿನ್ ಸೈಕ್ಸ್ ಭೂಕಂಪಗಳ ದಾಖಲೆ ತೆಗೆದು ನೆಲ ಯಾವ ಕಡೆ ಜಾರಿದೆ ಅಂತ ನೋಡಿದರು. ವಿಲ್ಸನ್ ಹೇಳಿದ ದಿಕ್ಕಿಗೇ ಜಾರಿತ್ತು. ಕಂಪನಗಳೂ ಎರಡು ತುದಿಗಳ ನಡುವೆಯೇ ಇದ್ದವು. ನಾನು ಪಾಠ ಮಾಡುವಾಗ ಬಾಣ ಹಾಕುವ ಕೆಲಸವನ್ನು ಮಕ್ಕಳಿಗೇ ಬಿಡುತ್ತಿದ್ದೆ. ತಮ್ಮ ಬಾಣಗಳೇ ತಮ್ಮ ಊಹೆಯನ್ನು ತಿರುಗಿಸುವುದನ್ನು ಅವರು ನೋಡಬೇಕಿತ್ತು.

ಸಿದ್ಧಾಂತವೊಂದು ಹೀಗೆ ಸೋಲುವ ಅಪಾಯಕ್ಕೆ ತನ್ನನ್ನು ಒಡ್ಡಿಕೊಳ್ಳಬೇಕು. ದಿಕ್ಕು ತಪ್ಪಿದ್ದರೆ ಫಲಕಗಳ ಕತೆ ಅಲ್ಲೇ ಮುಗಿಯುತ್ತಿತ್ತು. ಮರುವರ್ಷ ಇನ್ನೊಂದು ಪರೀಕ್ಷೆ ಬಂತು. 1968ರ ಕೊನೆಯಲ್ಲಿ ಗ್ಲೋಮರ್ ಚಾಲೆಂಜರ್ ಎಂಬ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬೆಟ್ಟಸಾಲಿನ ಎರಡೂ ಬದಿಗೆ ತಳವನ್ನು ಕೊರೆಯಿತು. ಸಾಲಿನಿಂದ ದೂರ ಹೋದಷ್ಟೂ ತಳದ ವಯಸ್ಸು ಲೆಕ್ಕ ಹಾಕಿದಂತೆ ಏರುತ್ತಾ ಹೋಯಿತು.

ಸರಿಯುವುದನ್ನು ಕಂಡವರಿಲ್ಲ ಅನ್ನುವ ಮಾತು ಈಗ ಹೊಂದುವುದಿಲ್ಲ. ಅಟ್ಲಾಂಟಿಕ್‌ನ ಎರಡು ದಡಗಳ ರೇಡಿಯೋ ದೂರದರ್ಶಕಗಳು 1980ರ ದಶಕದಲ್ಲೇ ಸಾಗರ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಅಗಲವಾಗುವುದನ್ನು ಅಳೆದವು. ಈಗ ಜಿಪಿಎಸ್ ಇದೆ. ಜಪಾನಿನಲ್ಲಿ ನೂರಾರು ಜಿಪಿಎಸ್ ಕೇಂದ್ರಗಳಿವೆ. ಪೂರ್ವ ಕರಾವಳಿ ಎಷ್ಟೋ ವರ್ಷ ಪಶ್ಚಿಮಕ್ಕೆ ಮೆಲ್ಲಗೆ ಒತ್ತಿಕೊಂಡು ಹೋಗುತ್ತಿತ್ತು. 2011ರ ಮಾರ್ಚ್ 11ರ ದೊಡ್ಡ ಭೂಕಂಪದಲ್ಲಿ ಆ ಒತ್ತಡ ಬಿಟ್ಟುಕೊಂಡಿತು. ಒಶಿಕಾ ಪರ್ಯಾಯ ದ್ವೀಪದ ಕೇಂದ್ರ 5 ಮೀಟರಿಗಿಂತ ಜಾಸ್ತಿ ಪೂರ್ವಕ್ಕೆ ಚಿಮ್ಮಿತು. ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಕಡೆ ಸಮುದ್ರದಲ್ಲಿ ಆಳವಾದ ಕಂದಕ ಇರುತ್ತದೆ. ಅದರ ಹತ್ತಿರ ಸಮುದ್ರದ ತಳ ಸುಮಾರು 50 ಮೀಟರ್ ಸರಿಯಿತು.

ಇನ್ನು ಮುಳುಗುವುದು. ಇದಕ್ಕೆ ಒಂದೇ ಸಾಕ್ಷಿ ಹೇಳುತ್ತೇನೆ, ಬೆರಿಲಿಯಂ-10. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದಾಗ ಇದು ಹುಟ್ಟುತ್ತದೆ. ಮಳೆಯ ಜೊತೆ ಇಳಿದು ಸಮುದ್ರದ ತಳದ ಕೆಸರಿಗೆ ಸೇರುತ್ತದೆ. ಸುಮಾರು 14 ಲಕ್ಷ ವರ್ಷಕ್ಕೆ ಅರ್ಧವಾಗುತ್ತದೆ. ಹಾಗಾಗಿ ಭೂಮಿಯ ಒಳಗೆ ಹಳೆಯ ದಾಸ್ತಾನು ಇರಲು ಸಾಧ್ಯವೇ ಇಲ್ಲ. ಆದರೆ ಅಲ್ಯೂಷಿಯನ್ ದ್ವೀಪಗಳಂಥ, ಮಧ್ಯ ಅಮೆರಿಕದಂಥ ಕಂದಕದ ಬದಿಯ ಜ್ವಾಲಾಮುಖಿಗಳ ಹೊಸ ಲಾವಾದಲ್ಲಿ 1980ರ ದಶಕದಲ್ಲಿ ಇದು ಸಿಕ್ಕಿತು. ಕಂದಕದಿಂದ ದೂರ ಇರುವ ಹವಾಯಿಯ ಲಾವಾದಲ್ಲಿ ಸಿಗಲಿಲ್ಲ. ಅಂದರೆ ಸಮುದ್ರದ ಕೆಸರು ಫಲಕದ ಜೊತೆ ಕೆಳಗಿಳಿದು, ಕೆಲವೇ ದಶಲಕ್ಷ ವರ್ಷಗಳಲ್ಲಿ ಜ್ವಾಲಾಮುಖಿಯ ಬಾಯಿಂದ ಹೊರಗೆ ಬಂದಿದೆ. ಫಲಕ ಮುಳುಗುವುದಿಲ್ಲ ಅನ್ನುವವರು ಈ ಬೆರಿಲಿಯಂ ಅಲ್ಲಿಗೆ ಹೇಗೆ ಹೋಯಿತು ಅಂತ ಹೇಳಬೇಕು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ಭೂಮಿ ಬಲೂನಿನ ಹಾಗೆ ಊದಿಕೊಳ್ಳುತ್ತಿದೆ, ಅದಕ್ಕೇ ಖಂಡಗಳು ದೂರವಾಗಿವೆ ಅಂತ ಒಂದು ವಿಡಿಯೋ ನೋಡಿದೆ. ಚಿಕ್ಕ ಗೋಳದ ಮೇಲೆ ಎಲ್ಲ ಖಂಡಗಳೂ ಸರಿಯಾಗಿ ಕೂರುತ್ತವೆ. ಅದು ಯಾಕೆ ತಪ್ಪು?

ಉತ್ತರ: ಒಳ್ಳೆಯ ಪ್ರಶ್ನೆಯಮ್ಮ. ಇದನ್ನು ದೊಡ್ಡ ದೊಡ್ಡವರೇ ನಂಬಿದ್ದರು. ಮೇಲೆ ಹೇಳಿದ ಹೀಜನ್ ಸ್ವಲ್ಪ ಕಾಲ ಇದೇ ಪಕ್ಷದಲ್ಲಿದ್ದರು. ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ವಾರನ್ ಕೇರಿ ಕೊನೆಯವರೆಗೂ ಇದನ್ನೇ ವಾದಿಸಿದರು. ಖಂಡಗಳು ಸರಿಯುತ್ತವೆ ಅಂತ ಬೇರೆಯವರು ನಗುತ್ತಿದ್ದ ಕಾಲದಲ್ಲೇ ಗಟ್ಟಿಯಾಗಿ ಹೇಳಿದವರು ಅವರು. ಹಾಗಾಗಿ ಗೌರವದಿಂದಲೇ ಲೆಕ್ಕ ಮಾಡೋಣ. ಪೆನ್ನು ತಗೋ.

ಇವತ್ತಿನ ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಖಂಡಗಳೆಲ್ಲ ಒತ್ತಾಗಿ ಕೂರಬೇಕಾದರೆ ತ್ರಿಜ್ಯ ಇದರ ಶೇಕಡಾ 60ರಷ್ಟು ಇರಬೇಕು. ಅಂದರೆ ಸುಮಾರು 3,820 ಕಿಲೋಮೀಟರ್. ಉಳಿದ 2,550 ಕಿಲೋಮೀಟರ್ 20 ಕೋಟಿ ವರ್ಷದಲ್ಲಿ ಬೆಳೆಯಬೇಕು. ಭಾಗಿಸಿದರೆ ವರ್ಷಕ್ಕೆ ಸುಮಾರು 13 ಮಿಲಿಮೀಟರ್. ಉಪಗ್ರಹಗಳಿಗೆ ಲೇಸರ್ ಬಿಟ್ಟು, ಜಿಪಿಎಸ್ ಸೇರಿಸಿ ಅಳೆದಾಗ ಸಿಕ್ಕಿದ್ದು ವರ್ಷಕ್ಕೆ 0.1 ಮಿಲಿಮೀಟರ್. ಅದೂ ಅಳತೆಯ ತಪ್ಪಿನ ಮಿತಿಯೊಳಗೆ. ಅಂದರೆ ಸೊನ್ನೆ ಅಂತಲೇ ಲೆಕ್ಕ.

ಇನ್ನೊಂದು ಲೆಕ್ಕ ನೀನೇ ಮಾಡು. ತೂಕ ಅಷ್ಟೇ ಇದ್ದು ತ್ರಿಜ್ಯ 0.6 ಪಟ್ಟು ಆದರೆ ನೆಲದ ಮೇಲಿನ ಗುರುತ್ವ ಎಷ್ಟು? 1 ಅನ್ನು 0.36ರಿಂದ ಭಾಗಿಸು. ಸುಮಾರು 2.8 ಪಟ್ಟು ಬರುತ್ತದೆ. ಆಗಿನ ಕಾಲದಲ್ಲಿ ಓಡಾಡುತ್ತಿದ್ದವು ಡೈನೋಸಾರುಗಳು. ಅಷ್ಟು ದೊಡ್ಡ ಮೈ ಹೊತ್ತು ಸುಮಾರು ಮೂರು ಪಟ್ಟು ತೂಕದಲ್ಲಿ ನಡೆಯುವುದು ಹೇಗೆ? ತೂಕವೂ ಆಮೇಲೆ ಸೇರಿತು ಅಂದರೆ ಎಲ್ಲಿಂದ ಬಂತು ಅಂತ ತೋರಿಸಬೇಕು. ಯಾರೂ ತೋರಿಸಿಲ್ಲ. ಇನ್ನು ಕಂದಕಗಳ ಕೆಳಗೆ ಓರೆಯಾಗಿ ಸುಮಾರು 700 ಕಿಲೋಮೀಟರ್ ಆಳದವರೆಗೂ ಭೂಕಂಪಗಳು ಸಾಲಾಗಿ ಆಗುತ್ತವೆ. ಊದುವ ಭೂಮಿಯಲ್ಲಿ ಅವಕ್ಕೆ ಜಾಗವೇ ಇಲ್ಲ.

ಪ್ರಶ್ನೆ: ಶಾಲೆ ಪುಸ್ತಕದಲ್ಲಿ ಭೂಚಿಪ್ಪಿನ ಕೆಳಗಿನ ಮ್ಯಾಂಟಲ್ ಎಂಬ ಪದರದ ಒಳಗೆ ದುಂಡಗೆ ಬಾಣ ಹಾಕಿ, ಬಿಸಿ ಪ್ರವಾಹ ಫಲಕವನ್ನು ಹೊತ್ತುಕೊಂಡು ಹೋಗುತ್ತದೆ ಅಂತ ಬರೆದಿದ್ದಾರೆ. ಗಟ್ಟಿ ಕಲ್ಲು ಹರಿಯುವುದು ಹೇಗೆ?

ಉತ್ತರ: ಕಲ್ಲು ಗಟ್ಟಿಯಾಗಿದ್ದೇ ಹರಿಯುತ್ತದೆ. 1,300 ಡಿಗ್ರಿ ಶಾಖ, ಲಕ್ಷಾಂತರ ವರ್ಷ, ವರ್ಷಕ್ಕೆ ಕೆಲವು ಸೆಂಟಿಮೀಟರ್. ಹರಳುಗಳೊಳಗಿನ ಪರಮಾಣುಗಳು ಜಾಗ ಬದಲಿಸುತ್ತಾ ಹೋಗುತ್ತವೆ. ಮ್ಯಾಂಟಲ್ ಅಂದರೆ ಕರಗಿದ ಕಲ್ಲಿನ ಸಮುದ್ರ ಅನ್ನುವ ಕಲ್ಪನೆ ಎಷ್ಟೋ ಜನರಿಗಿದೆ, ಅದನ್ನು ಬಿಡಬೇಕು.

ಆ ದುಂಡಗಿನ ಬಾಣಗಳ ಬಗ್ಗೆ ನನಗೂ ತಕರಾರಿದೆ. ಫಲಕ ಸುಮ್ಮನೆ ಮೇಲೆ ಕೂತು ಸವಾರಿ ಮಾಡುತ್ತದೆ ಅನ್ನುವ ಭಾವನೆ ಬರುತ್ತದೆ. ಸಾಗರದ ಫಲಕ ವಯಸ್ಸಾದಂತೆ ತಣ್ಣಗಾಗಿ ಭಾರವಾಗುತ್ತದೆ. ಕಂದಕದಲ್ಲಿ ಅದರ ಅಂಚು ಮುಳುಗುತ್ತದೆ, ಮುಳುಗಿದ ಭಾಗ ಉಳಿದದ್ದನ್ನು ಎಳೆಯುತ್ತದೆ. ಹಗ್ಗದ ಮೇಲೆ ಒಣಹಾಕಿದ ಒದ್ದೆ ಸೀರೆ ಒಂದು ಕಡೆ ಜಾಸ್ತಿ ಇಳಿಬಿದ್ದರೆ ಪೂರ್ತಿ ಆ ಕಡೆಗೇ ಜಾರುತ್ತದಲ್ಲ, ಹಾಗೆ. ಇದನ್ನೂ ಪರೀಕ್ಷಿಸಬಹುದು. ಪೆಸಿಫಿಕ್, ನಾಜ್ಕಾ, ಕೋಕೋಸ್ ಫಲಕಗಳಿಗೆ ಮುಳುಗುವ ಅಂಚು ಉದ್ದವಾಗಿದೆ. ಅವು ವೇಗವಾಗಿ ಹೋಗುತ್ತವೆ. ಆಫ್ರಿಕಾ, ಯುರೇಷಿಯಾ, ಅಂಟಾರ್ಕ್ಟಿಕಾ ಫಲಕಗಳಿಗೆ ಅಂಥ ಅಂಚು ಇಲ್ಲವೇ ಇಲ್ಲ ಅನ್ನಬಹುದು. ಅವು ನಿಧಾನ. 1975ರಲ್ಲೇ ಫೋರ್ಸಿತ್ ಮತ್ತು ಉಯೇಡಾ ಇದನ್ನು ತೋರಿಸಿದರು. ವೆಗೆನರ್‌ಗೆ ಸಿಗದಿದ್ದ ಬಲ ಇದೇ. ಅಷ್ಟು ವರ್ಷವಾದರೂ ಪುಸ್ತಕದ ಚಿತ್ರ ಬದಲಾಗಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಪ್ರಶ್ನೆ: ಫಲಕದ ಅಂಚಿನಲ್ಲಿ ಭೂಕಂಪ ಅನ್ನುತ್ತೀರಿ. ನಡುವೆಯೂ ಆಗುತ್ತದಲ್ಲ?

ಉತ್ತರ: ಆಗುತ್ತದೆ. ಅಮೆರಿಕದ ನ್ಯೂ ಮ್ಯಾಡ್ರಿಡ್‌ನಲ್ಲಿ 1811-12ರಲ್ಲಿ ಆದ ದೊಡ್ಡ ಕಂಪನಗಳು ಅಂಚಿನಿಂದ ಬಹಳ ದೂರ. ಅಲ್ಲಿ ಹಿಂದೊಮ್ಮೆ ಖಂಡ ಸೀಳಲು ಹೊರಟು ಅರ್ಧಕ್ಕೆ ನಿಂತ ಹಳೆಯ ಬಿರುಕಿದೆ. ಅಂಚಿನ ಒತ್ತಡ ಫಲಕದ ಒಳಗೂ ಹೋಗುತ್ತದೆ, ದುರ್ಬಲ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಫಲಕಗಳು ಪೂರ್ತಿ ಬಿಗಿಯಾಗಿವೆ ಅನ್ನುವುದು ಸಾಗರಗಳಲ್ಲಿ ಚೆನ್ನಾಗಿ ಹೊಂದುತ್ತದೆ, ಖಂಡಗಳಲ್ಲಿ ಅಷ್ಟಿಲ್ಲ. ಟಿಬೆಟ್‌ನಂಥ ಕಡೆ ಅಂಚು ಅನ್ನುವುದು ಒಂದು ಗೆರೆಯಲ್ಲ, ಸಾವಿರ ಕಿಲೋಮೀಟರ್ ಅಗಲದ ಪ್ರದೇಶ.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದರೆ ಭೂಕಂಪದ ದಿನ ಯಾಕೆ ಹೇಳುವುದಿಲ್ಲ?

ಉತ್ತರ: ಎಲ್ಲಿ, ಎಷ್ಟು ಒತ್ತಡ ಕೂಡುತ್ತಿದೆ ಅಂತ ಹೇಳಬಹುದು. ದಿನ ಹೇಳಲು ಆಗುವುದಿಲ್ಲ. ಹೇಳುತ್ತೇನೆ ಅಂದವರನ್ನು ನಂಬಬೇಡಿ.

ಪ್ರಶ್ನೆ: ಹೊಸ ಚಿಪ್ಪು ಹುಟ್ಟಿ ಹಳೆಯದು ಮುಳುಗುತ್ತಲೇ ಇದ್ದರೆ ಎಲ್ಲಕ್ಕಿಂತ ಮೊದಲಿನ ಚಿಪ್ಪು ಎಲ್ಲಿಂದ ಬಂತು? ಅದು ಎಲ್ಲಾದರೂ ಉಳಿದಿದೆಯೇ?

ಉತ್ತರ: ಈ ಪತ್ರ ಬರೆದವರು ಹೆಸರು ಬೇಡ ಅಂದಿದ್ದಾರೆ. ಈ ಕಂತಿನಲ್ಲೇ ಅತಿ ಕಷ್ಟದ ಪ್ರಶ್ನೆ ಇದು.

ಚಿಪ್ಪು ಎರಡು ಬಗೆ. ಸಾಗರದ ಚಿಪ್ಪು 6-7 ಕಿಲೋಮೀಟರ್ ದಪ್ಪ, ಬಸಾಲ್ಟ್ ಕಲ್ಲಿನದು. ಖಂಡದ ಚಿಪ್ಪು ಸರಾಸರಿ 35-40 ಕಿಲೋಮೀಟರ್ ದಪ್ಪ, ಗ್ರಾನೈಟ್ ಜಾತಿಯ ಹಗುರ ಕಲ್ಲು. ಸಾಗರದ ಚಿಪ್ಪಿನ ಹುಟ್ಟು ಸುಲಭ. ಫಲಕಗಳು ದೂರವಾದ ಕಡೆ ಮ್ಯಾಂಟಲ್ ಮೇಲೇರುತ್ತದೆ. ಮೇಲೆ ಬಂದಂತೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕಲ್ಲು ಕರಗುವ ಶಾಖವೂ ಇಳಿಯುತ್ತದೆ. ಹೊಸ ಬಿಸಿ ಏನೂ ಬೇಕಿಲ್ಲ, ಒಂದಿಷ್ಟು ಭಾಗ ತಾನಾಗಿಯೇ ಕರಗಿ ಬಸಾಲ್ಟ್ ಆಗುತ್ತದೆ. ದೊಡ್ಡ ಸಾಗರಗಳಲ್ಲಿ ಉಳಿದಿರುವ ಅತಿ ಹಳೆಯ ತಳ ಪಶ್ಚಿಮ ಪೆಸಿಫಿಕ್‌ನಲ್ಲಿದೆ, ವಯಸ್ಸು ಸುಮಾರು 18 ಕೋಟಿ ವರ್ಷ. ಭೂಮಿಯ ವಯಸ್ಸು 454 ಕೋಟಿ. ಅಲ್ಲಿ ಮೊದಲ ಚಿಪ್ಪನ್ನು ಹುಡುಕಿ ಪ್ರಯೋಜನವಿಲ್ಲ.

ಖಂಡದ ಕಲ್ಲಿಗೆ ನೀರು ಬೇಕು. ನೀರು ಸೇರಿದ ಬಸಾಲ್ಟ್ ಬಿಸಿಯಾಗಿ ಅರೆಬರೆ ಕರಗಿದಾಗ ಸಿಲಿಕಾ ಜಾಸ್ತಿ ಇರುವ ಹಗುರ ಕಲ್ಲು ಬೇರೆಯಾಗುತ್ತದೆ. ಹಗುರವಾದ್ದರಿಂದ ಮುಳುಗುವುದಿಲ್ಲ. ಅದಕ್ಕೇ ಹಳೆಯ ದಾಖಲೆ ಇರುವುದು ಖಂಡಗಳಲ್ಲಿ. ಕೆನಡಾದ ಅಕಾಸ್ಟಾ ನೈಸ್ ಎಂಬ ಕಲ್ಲಿಗೆ 403 ಕೋಟಿ ವರ್ಷ. ಅದಕ್ಕಿಂತ ಹಿಂದಿನದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ಗೆ ಹೋಗಬೇಕು. ಅಲ್ಲಿ ಮೂಲ ಕಲ್ಲು ಇಲ್ಲ, ಅದು ಸವೆದುಹೋಗಿದೆ. ಅದರಿಂದ ಉದುರಿದ ಜಿರ್ಕಾನ್ ಹರಳುಗಳು ಇನ್ನೊಂದು ಕಲ್ಲಿನಲ್ಲಿ ಸಿಕ್ಕಿಕೊಂಡಿವೆ. ಮಿಲಿಮೀಟರಿಗಿಂತ ಚಿಕ್ಕವು. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಆಮೇಲೆ ಒಳಗೆ ಸಿಗುವ ಸೀಸವೆಲ್ಲ ಯುರೇನಿಯಂ ಕ್ಷಯಿಸಿ ಬಂದದ್ದು. ಯುರೇನಿಯಂನ ಎರಡು ಬಗೆಗಳು ಬೇರೆ ಬೇರೆ ವೇಗದಲ್ಲಿ ಕ್ಷಯಿಸುವುದರಿಂದ ಒಂದು ಗಡಿಯಾರವನ್ನು ಇನ್ನೊಂದರಿಂದ ತಾಳೆ ನೋಡಬಹುದು. ಹಾಗೆ ನೋಡಿ 2001ರಲ್ಲಿ ಹೇಳಿದ ವಯಸ್ಸು 440 ಕೋಟಿ. ಕೆಲವು ಹರಳುಗಳ ಆಮ್ಲಜನಕವನ್ನು ಅಳೆದಾಗ ಅವು ಹುಟ್ಟಿದ ಕಲ್ಲಿಗೆ ನೀರಿನ ಸಂಪರ್ಕ ಇತ್ತು ಅಂತಲೂ ಕಂಡಿತು. ಒಂದು ಹರಳಿನಿಂದ ಇಷ್ಟು ತಿಳಿಯುತ್ತದಲ್ಲ ಅಂತ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅದಕ್ಕೂ ಮೊದಲು ಭೂಮಿಯ ಮೇಲ್ಭಾಗ ಕರಗಿದ ಕಲ್ಲಾಗಿತ್ತು. ತಣ್ಣಗಾಗಿ ಕಟ್ಟಿದ ಆ ಮೊಟ್ಟಮೊದಲ ಚಿಪ್ಪು ಇಲ್ಲಿ ಉಳಿದಿಲ್ಲ. ಚಂದ್ರನಲ್ಲಿ ಉಳಿದಿದೆ. ಬರಿಗಣ್ಣಿಗೆ ಬೆಳ್ಳಗೆ ಕಾಣುವ ಎತ್ತರದ ಪ್ರದೇಶಗಳು ಅಲ್ಲಿನ ಕರಗಿದ ಕಲ್ಲಿನ ಮೇಲೆ ತೇಲಿಬಂದ ಹಗುರ ಹರಳುಗಳು. ಅಪೋಲೊ ಯಾತ್ರಿಕರು ತಂದ ಕಲ್ಲುಗಳಿಂದ ಇದು ತಿಳಿಯಿತು.

ಪ್ರಶ್ನೆ: ಹಾಗಾದರೆ ಫಲಕಗಳು ಮೊದಲಿನಿಂದಲೂ ಸರಿಯುತ್ತಿದ್ದವೇ?

ಉತ್ತರ: ಇದು ಈಗ ನಿಜವಾಗಿ ನಡೆಯುತ್ತಿರುವ ಜಗಳ. ಸಂಶಯ ಪಡುವವರು ತಮ್ಮ ಶಕ್ತಿಯನ್ನು ಇಲ್ಲಿ ಹಾಕಬೇಕು ಅಂತ ನನ್ನ ಆಸೆ. ಹಳೆಯ ಭೂಮಿ ಈಗಿನದಕ್ಕಿಂತ ಬಿಸಿಯಾಗಿತ್ತು. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್‌ನಲ್ಲಿ ಸಿಗುವ ಕೊಮಾಟಿಯೈಟ್ ಎಂಬ ಲಾವಾ ಸುಮಾರು 1,600 ಡಿಗ್ರಿಯಲ್ಲಿ ಹರಿದದ್ದು. ಅಂಥ ಲಾವಾ 250 ಕೋಟಿ ವರ್ಷದ ಈಚೆಗೆ ಬಲು ಅಪರೂಪ. ಅಷ್ಟು ಬಿಸಿ ಮ್ಯಾಂಟಲ್ ಮೇಲೆ ಫಲಕ ಮೆತ್ತಗಾಗಿ, ಮುಳುಗುವಾಗಲೇ ಹರಿದುಹೋಗುತ್ತಿತ್ತು ಅಂತ ಒಂದು ವಾದ. ಆಗ ದಪ್ಪ ಬಸಾಲ್ಟ್ ರಾಶಿಯ ತಳ ಕರಗಿಯೇ ಗ್ರಾನೈಟ್ ಹುಟ್ಟಿರಬಹುದು, ಫಲಕ ಬೇಕಿಲ್ಲ.

ಸ್ಟೀವನ್ ಶೈರಿ ಮತ್ತು ಸ್ಟೀಫನ್ ರಿಚರ್ಡ್‌ಸನ್ ವಜ್ರಗಳ ಒಳಗೆ ಸಿಕ್ಕಿಕೊಂಡ ಖನಿಜಗಳ ವಯಸ್ಸನ್ನು ಒಟ್ಟುಮಾಡಿ 2011ರಲ್ಲಿ ಪ್ರಕಟಿಸಿದರು. ಮುಳುಗಿದ ಬಸಾಲ್ಟ್ ಆಳದಲ್ಲಿ ಎಕ್ಲೋಜೈಟ್ ಎಂಬ ಕಲ್ಲಾಗುತ್ತದೆ. ಆ ಜಾತಿಯ ಖನಿಜ ವಜ್ರಗಳಲ್ಲಿ ಕಾಣಲು ಶುರುವಾಗುವುದು 300 ಕೋಟಿ ವರ್ಷದ ಈಚೆಗೆ. ನನಗೆ ಈ ಪುರಾವೆ ಗಟ್ಟಿ ಅನ್ನಿಸುತ್ತದೆ. 300 ಕೋಟಿ ವರ್ಷದ ಸುಮಾರಿಗೆ ಮುಳುಗುವಿಕೆ ಕೆಲವು ಕಡೆ ಶುರುವಾಗಿ, ಮೆಲ್ಲಗೆ ಎಲ್ಲ ಕಡೆ ಹಬ್ಬಿತು ಅನ್ನುವ ಪಕ್ಷ ನನ್ನದು.

ಅಮೆರಿಕದ ರಾಬರ್ಟ್ ಸ್ಟರ್ನ್ ಒಪ್ಪುವುದಿಲ್ಲ. 2005ರಿಂದಲೂ ಅವರ ಮಾತು ಒಂದೇ, ಈಗಿನ ರೀತಿಯ ಫಲಕ ಚಲನೆ ಶುರುವಾಗಿ 100 ಕೋಟಿ ವರ್ಷವೂ ಆಗಿಲ್ಲ. ಅವರ ದೊಡ್ಡ ಸಾಕ್ಷಿ ಬ್ಲೂಸ್ಕಿಸ್ಟ್ ಎಂಬ ನೀಲಿ ಛಾಯೆಯ ಕಲ್ಲು. ತಣ್ಣಗಿನ ಫಲಕ ಬೇಗ ಆಳಕ್ಕೆ ಇಳಿದರೆ ಮಾತ್ರ ಅದು ಹುಟ್ಟುತ್ತದೆ. ಸುಮಾರು 80 ಕೋಟಿ ವರ್ಷಕ್ಕಿಂತ ಹಳೆಯ ಬ್ಲೂಸ್ಕಿಸ್ಟ್ ಸಿಕ್ಕಿಲ್ಲ. ಎದುರು ವಾದವೂ ಇದೆ. ಹಳೆಯ ಸಾಗರದ ಚಿಪ್ಪಿನಲ್ಲಿ ಮೆಗ್ನೀಸಿಯಂ ಜಾಸ್ತಿ ಇತ್ತು, ಅಂಥ ಕಲ್ಲು ಮುಳುಗಿದರೂ ನೀಲಿ ಖನಿಜ ಕಟ್ಟುವುದಿಲ್ಲ ಅಂತ 2016ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೆ 150 ಅಥವಾ 200 ಕೋಟಿ ವರ್ಷ ಹಳೆಯ ಒಂದೇ ಒಂದು ಬ್ಲೂಸ್ಕಿಸ್ಟ್ ತುಣುಕು ಸಿಕ್ಕರೂ ಸ್ಟರ್ನ್ ಅವರ ವಾದಕ್ಕೆ ದೊಡ್ಡ ಪೆಟ್ಟು. 320 ಕೋಟಿ ವರ್ಷಕ್ಕಿಂತ ಹಳೆಯ ವಜ್ರಗಳಲ್ಲಿ ಎಕ್ಲೋಜೈಟ್ ಖನಿಜ ಸಿಗತೊಡಗಿದರೆ ನನ್ನ ದಿನಾಂಕವೂ ಹಿಂದೆ ಸರಿಯಬೇಕಾಗುತ್ತದೆ.